ಎರಡು ಲಕ್ಷದ ಸೀರೆಗೂ ಟೋಕನ್: ಮೈಸೂರು ರೇಷ್ಮೆಯ ಕ್ಯೂ ಹಿಂದಿನ ಲೆಕ್ಕ

ಬೆಳಗಿನ ಜಾವ ನಾಲ್ಕು ಗಂಟೆ. ಬಾಗಿಲು ಮುಚ್ಚಿದ ಅಂಗಡಿಯ ಮುಂದೆ ಹೆಂಗಸರ ಉದ್ದ ಸಾಲು. ಟೋಕನ್ ಇದ್ದವರಿಗಷ್ಟೇ ಒಳಗೆ ಪ್ರವೇಶ, ಒಬ್ಬರಿಗೆ ಒಂದೇ ಸೀರೆ. ಆಗ ಸೀರೆ ಬೆಲೆ ಶುರುವಾಗುತ್ತಿದ್ದದ್ದು ಸುಮಾರು 23 ಸಾವಿರದಿಂದ, ಮೇಲಕ್ಕೆ ಎರಡೂವರೆ ಲಕ್ಷದವರೆಗೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ, ಅಂದ್ರೆ ಕೆಎಸ್‌ಐಸಿಯ ಬೆಂಗಳೂರು ಮಳಿಗೆಯೊಂದರ ಮುಂದಿನ ಈ ವಿಡಿಯೊ ದೇಶವೆಲ್ಲ ಓಡಾಡಿತು. ನೋಡಿದವರಲ್ಲಿ ಅರ್ಧ ಜನ ನಕ್ಕರು, ಉಳಿದವರು ತಲೆ ಕೆರೆದುಕೊಂಡರು.

ಮೈಸೂರಿನವರಿಗೆ ಈ ಸಾಲು ತೀರಾ ಹೊಸದೇನಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದೆ ಮುಂದೆ, ಮದುವೆ ಸೀಸನ್‌ನಲ್ಲಿ ಇಲ್ಲಿಯ ಮಳಿಗೆಗಳ ಮುಂದೂ ಜನ ಕಾಯುತ್ತಾರೆ. ಆದರೆ ಈಗ ಕೇಳಿಬರುತ್ತಿರೋ ಪ್ರಶ್ನೆ ಬೇರೆ. ಬೆಲೆ ಏರಿದರೆ ಕೊಳ್ಳುವವರು ಕಮ್ಮಿ ಆಗಬೇಕು ಅಲ್ವಾ? ಇಲ್ಲಿ ಬೆಲೆಯೂ ಏರಿದೆ, ಸಾಲೂ ಉದ್ದವಾಗಿದೆ. ದುಬಾರಿ ಸೀರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಎಸಿ ಹಾಕಿ, ಕಾಫಿ ಕೊಟ್ಟು, ಮೆತ್ತೆ ಮೇಲೆ ಐವತ್ತು ಸೀರೆ ಹರವುತ್ತಾರೆ. ಇಲ್ಲಿ ಪಡಿತರ ಅಂಗಡಿಯ ಹಾಗೆ ಸರದಿ ಕಾಯಬೇಕು.

"ಬೇಕಂತಲೇ ಸ್ಟಾಕ್ ಇಲ್ಲ ಅಂತಾರೆ, ಡಿಮ್ಯಾಂಡ್ ಹೆಚ್ಚಿಸೋ ತಂತ್ರ" ಅನ್ನೋದು ಒಂದು ವಾದ. "ಸರ್ಕಾರಿ ಕಾರ್ಖಾನೆ ಅಲ್ವಾ, ಕೆಲಸ ಮಾಡಲ್ಲ" ಅನ್ನೋದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ಹುರುಳಿದೆ, ಎರಡೂ ಪೂರ್ತಿ ಉತ್ತರ ಆಗೋದಿಲ್ಲ. ಇದು ಅರ್ಥ ಆಗಬೇಕಾದರೆ ಸೀರೆ ಹೇಗೆ ಆಗುತ್ತೆ ಅನ್ನೋದನ್ನೂ ನೋಡಬೇಕು, ಜಗತ್ತಿನ ದುಬಾರಿ ಕಂಪನಿಗಳು ಅಭಾವವನ್ನು ಹೇಗೆ ಮಾರುತ್ತವೆ ಅನ್ನೋದನ್ನೂ ನೋಡಬೇಕು.

ಗೂಡಿನಿಂದ ಸೆರಗಿನವರೆಗೆ

ಮೈಸೂರು ರೇಷ್ಮೆ ಸೀರೆಯನ್ನು ಕೈಮಗ್ಗದಲ್ಲಿ ನೇಯುತ್ತಾರೆ ಅಂದುಕೊಂಡವರು ಬಹಳ ಜನ ಇದ್ದಾರೆ. ಅದು ಯಂತ್ರದ ಮಗ್ಗದ ಸೀರೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರುವಾದಾಗಲೇ ಸ್ವಿಟ್ಜರ್ಲೆಂಡ್‌ನಿಂದ ಮಗ್ಗ ತರಿಸಿದ್ದರು. ಮೊದಲು ನೇಯ್ದದ್ದು ಅರಮನೆಗಾಗಿ. ಸ್ವಾತಂತ್ರ್ಯ ಬಂದ ಮೇಲೆ ಅದು ರೇಷ್ಮೆ ಇಲಾಖೆಗೆ ಬಂತು, 1980ರಲ್ಲಿ ಕೆಎಸ್‌ಐಸಿ ಕೈಗೆ ಹೋಯಿತು. ಮಾನಂದವಾಡಿ ರಸ್ತೆಯ ಆ ಕಾರ್ಖಾನೆಯೇ ಇವತ್ತಿಗೂ ಈ ಸೀರೆಯ ಮೂಲ ಮನೆ.

ಹಾಗಾದರೆ ಯಂತ್ರ ಇದೆಯಲ್ಲ, ಜಾಸ್ತಿ ನೇಯೋಕೆ ಏನು ಕಷ್ಟ? ಕಷ್ಟ ಮಗ್ಗಕ್ಕಿಂತ ಮುಂಚೆಯೇ ಶುರುವಾಗುತ್ತೆ.

ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿನ್ನುತ್ತೆ. ನಡುವೆ ನಾಲ್ಕು ಸಲ ಪೊರೆ ಬಿಡುತ್ತೆ. ಅದನ್ನೇ ನಮ್ಮ ಕಡೆ ರೈತರು ಒಂದನೇ ಜ್ವರ, ಎರಡನೇ ಜ್ವರ ಅಂತ ಎಣಿಸುತ್ತಾರೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟಿಸುವ ತಟ್ಟೆಗೆ, ಬಿಟ್ಟರೆ ಎರಡು ಮೂರು ದಿನದಲ್ಲಿ ಗೂಡು ಕಟ್ಟುತ್ತೆ. ಆರೇಳು ಕೆಜಿ ಗೂಡು ಬಿಚ್ಚಿದರೆ ಹೆಚ್ಚುಕಮ್ಮಿ ಒಂದು ಕೆಜಿ ಕಚ್ಚಾ ರೇಷ್ಮೆ ಸಿಗುತ್ತೆ. ಆ ಕಚ್ಚಾ ರೇಷ್ಮೆಯಲ್ಲೂ ಕಾಲು ಭಾಗದಷ್ಟು ಬರೀ ಅಂಟು, ಆಮೇಲೆ ಕುದಿಸಿ ತೆಗೆಯಬೇಕಾದ್ದು.

ಖಾಸಗಿ ನೇಕಾರರು ಮಾರುಕಟ್ಟೆಯಿಂದ ನೂಲು ಕೊಂಡು ನೇಯ್ದುಬಿಡಬಹುದು. ಕೆಎಸ್‌ಐಸಿ ಹಾಗೆ ಮಾಡೋದಿಲ್ಲ. ಸರ್ಕಾರಿ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳುತ್ತೆ, ಟಿ.ನರಸೀಪುರದ ತನ್ನದೇ ಕಾರ್ಖಾನೆಯಲ್ಲಿ ನೂಲು ಬಿಚ್ಚಿಸುತ್ತೆ. ಆ ನೂಲು ಮೈಸೂರಿಗೆ ಬಂದು ಹುರಿ ಹಾಕಿಸಿಕೊಳ್ಳುತ್ತೆ. ಮೈಸೂರು ಸೀರೆಯದ್ದು ಕ್ರೇಪ್ ಅನ್ನೋ ಸಣ್ಣ ತರಿಯ ಬಟ್ಟೆ, ಅದರ ಗುಟ್ಟೆಲ್ಲ ಈ ಹುರಿಯಲ್ಲಿದೆ. ಒಂದು ಎಳೆಗೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ಗಟ್ಟಿಯಾಗಿ ಹುರಿ ಹಾಕಿ ಹೊಕ್ಕಿನಲ್ಲಿ, ಅಂದ್ರೆ ಅಡ್ಡ ಎಳೆಯಲ್ಲಿ, ಸೇರಿಸುತ್ತಾರೆ. ನೇಯುವಾಗ ಅಂಟು ಆ ಹುರಿಯನ್ನು ಹಿಡಿದಿಟ್ಟಿರುತ್ತೆ. ಬಟ್ಟೆಯನ್ನು ಕುದಿಸಿ ಅಂಟು ತೆಗೆದಾಗ ಎಳೆಗಳು ಒಂದೊಂದು ಒಂದೊಂದು ದಿಕ್ಕಿಗೆ ಸುಕ್ಕುತ್ತವೆ. ಮುಟ್ಟಿದರೆ ಕೈಗೆ ಸಿಗೋ ಆ ಸಣ್ಣ ತರಿ, ಮೈಮೇಲೆ ಜಾರಿ ಬೀಳೋ ಆ ಗುಣ ಬರೋದು ಹೀಗೆ.

ಬಣ್ಣ ಹಾಕೋದು ಆಮೇಲೆ. ಸೀರೆ ಮಗ್ಗದಿಂದ ಇಳಿಯುವಾಗ ಬಿಳಿಯಾಗೇ ಇರುತ್ತೆ, ಅಂಚಿನಲ್ಲಿ ಜರಿ ಮಾತ್ರ ಹೊಳೀತಿರುತ್ತೆ. ಇಡೀ ಸೀರೆಯನ್ನು ಬಣ್ಣದಲ್ಲಿ ಅದ್ದುತ್ತಾರೆ. ಜರಿಗೆ ಬಣ್ಣ ಹತ್ತೋದಿಲ್ಲ. ಒಡಲು ಒಂದೇ ಬಣ್ಣ, ಅಂಚು ಚಿನ್ನದ ಬಣ್ಣ ಅನ್ನೋ ಮೈಸೂರು ಸೀರೆಯ ಚೆಲುವಿಕೆ ಬಂದಿರೋದು ಈ ಕ್ರಮದಿಂದಲೇ.

ಇಷ್ಟೂ ಒಂದೇ ಸಂಸ್ಥೆಯೊಳಗೆ ನಡೆಯಬೇಕು ಅಂದಾಗ ಎಲ್ಲೋ ಒಂದು ಕಡೆ ಕೆಲಸ ನಿಧಾನವಾದರೂ ಕೊನೆಯಲ್ಲಿ ಸೀರೆ ಕಮ್ಮಿಯಾಗುತ್ತೆ. ಮಗ್ಗವನ್ನು ಈ ವರ್ಷವೇ ಕೊಳ್ಳಬಹುದು. ಮಗ್ಗ ಓಡುವಾಗ ಕೂದಲಿಗಿಂತ ತೆಳುವಾದ ಎಳೆ ತುಂಡಾದದ್ದನ್ನು ಕಣ್ಣಲ್ಲೇ ಹಿಡಿದು ಗಂಟು ಹಾಕುವ ಕೆಲಸಗಾರರನ್ನು ಹಾಗೆ ಕೊಳ್ಳೋಕೆ ಆಗಲ್ಲ. ಅದು ತಿಂಗಳುಗಟ್ಟಲೆ ಕೈಗೆ ಕೂತು ಬರಬೇಕಾದ ಕೆಲಸ. ಸರ್ಕಾರಿ ಸಂಸ್ಥೆಯಲ್ಲಿ ಕಾಯಂ ಹುದ್ದೆ ತುಂಬಬೇಕಾದರೆ ಹಣಕಾಸು ಇಲಾಖೆಯ ಒಪ್ಪಿಗೆಯ ದಾರಿ ಬೇರೆ ಸವೆಸಬೇಕು. ಹಳಬರು ನಿವೃತ್ತರಾಗೋದು ಮಾತ್ರ ಯಾರ ಒಪ್ಪಿಗೆಗೂ ಕಾಯೋದಿಲ್ಲ.

ಬೆಲೆ ಏರಿದ್ದು ರೇಷ್ಮೆಯಿಂದಲ್ಲ, ಜರಿಯಿಂದ

ಈ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತೆ. ಚಿನ್ನದ ಪಾಲು ನೋಡಿದರೆ ಏನೂ ಇಲ್ಲ ಅನ್ನಿಸುತ್ತೆ. ಆದರೂ ಎಲ್ಲರೂ "ಚಿನ್ನದ ರೇಟ್ ಏರಿತು, ಅದಕ್ಕೆ ಸೀರೆ ರೇಟ್ ಏರಿತು" ಅಂತಾರೆ. ನಿಜವಾಗಿ ಹೆಚ್ಚು ಹೊಡೆತ ಕೊಟ್ಟದ್ದು ಬೆಳ್ಳಿ.

ಲೆಕ್ಕಕ್ಕೆ ಒಂದು ಸೀರೆಯಲ್ಲಿ 100 ಗ್ರಾಂ ಜರಿ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ 65 ಗ್ರಾಂ ಬೆಳ್ಳಿ, 0.65 ಗ್ರಾಂ ಚಿನ್ನ. 2025ರ ಶುರುವಿನಲ್ಲಿ ಬೆಳ್ಳಿ ಕೆಜಿಗೆ 90 ಸಾವಿರದ ಆಸುಪಾಸು, ಚಿನ್ನ 10 ಗ್ರಾಂಗೆ 78 ಸಾವಿರದ ಆಸುಪಾಸು ಇತ್ತು. ಬೆಳ್ಳಿಗೆ 5,850 ರೂಪಾಯಿ, ಚಿನ್ನಕ್ಕೆ 5,070. ಎರಡೂ ಸೇರಿ 11 ಸಾವಿರಕ್ಕೆ ಸ್ವಲ್ಪ ಕಮ್ಮಿ. ಏಪ್ರಿಲ್‌ನಲ್ಲಿ ಚಿನ್ನ ಒಂದು ಲಕ್ಷ ಮುಟ್ಟಿತು. ವರ್ಷದ ಕೊನೆಗೆ ಅದು 1.3 ಲಕ್ಷ ದಾಟಿತು, ಬೆಳ್ಳಿ ಎರಡು ಲಕ್ಷ ದಾಟಿತು. ಅದೇ ಜರಿಗೆ ಆಗ ಬೆಳ್ಳಿ 13,000, ಚಿನ್ನ 8,450. ಒಟ್ಟು 21 ಸಾವಿರಕ್ಕೂ ಜಾಸ್ತಿ. ಸೀರೆ ಅದೇ, ನೇಯ್ಗೆ ಅದೇ. ಲೋಹದ ಖರ್ಚು ಮಾತ್ರ ವರ್ಷದೊಳಗೆ ಹತ್ತಿರತ್ತಿರ ದುಪ್ಪಟ್ಟು.

ಕ್ಯೂ ಉದ್ದವಾಗೋಕೆ ಇದೇ ಒಂದು ಕಾರಣ. ಮುಂದಿನ ತಿಂಗಳು ಇನ್ನೂ ಏರಬಹುದು ಅನ್ನೋ ಭಯ ಇದ್ದಾಗ ಜನ ಕೊಳ್ಳೋದನ್ನು ಮುಂದೆ ಹಾಕೋದಿಲ್ಲ, ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮೇ ತಿಂಗಳ ಮದುವೆಗೆ ಜನವರಿಯಲ್ಲೇ ಸೀರೆ ಬೇಕಾಗುತ್ತೆ. ಚಿನ್ನದಂಗಡಿಯಲ್ಲೂ ಇದನ್ನೇ ನೋಡ್ತೀವಿ. ಬೆಲೆ ಏರಿದ ಸುದ್ದಿಯೇ ಗಿರಾಕಿಯನ್ನು ಅಂಗಡಿಗೆ ಕರೆತರುತ್ತೆ.

ಇನ್ನೊಂದು ಮಾತಿದೆ. ಬೀದಿಯಲ್ಲಿ "ಹಳೇ ಜರಿ ಸೀರೆ ಇದ್ರೆ ಕೊಡಿ" ಅಂತ ಕೂಗಿಕೊಂಡು ಬರುವವರು ತೂಕಕ್ಕೆ ದುಡ್ಡು ಕೊಟ್ಟು ಒಯ್ಯುತ್ತಾರಲ್ಲ, ಅವರು ಒಯ್ಯೋದು ಸೀರೆಯನ್ನಲ್ಲ, ಅದರೊಳಗಿನ ಬೆಳ್ಳಿಯನ್ನು. ಅಜ್ಜಿಯ ಸೀರೆ ಹರಿದರೂ ಬೆಲೆ ಬಾಳುತ್ತೆ ಅನ್ನೋ ನಂಬಿಕೆ ನಮ್ಮ ಮನೆಗಳಲ್ಲಿ ಇರೋದೂ ಇದಕ್ಕೇ. ಉಡೋ ಬಟ್ಟೆಯನ್ನು ಆಸ್ತಿ ಅಂತ ಲೆಕ್ಕ ಹಾಕುವ ಈ ಅಭ್ಯಾಸ ಇಲ್ಲದಿದ್ದರೆ 23 ಸಾವಿರಕ್ಕೆ ಸಾಲು ನಿಲ್ಲುವವರು ಇಷ್ಟು ಜನ ಇರುತ್ತಿರಲಿಲ್ಲ.

ಕೊಡಲ್ಲ ಅನ್ನೋದನ್ನೇ ಮಾರುವವರು

ಈಗ ಪ್ಯಾರಿಸ್‌ಗೆ ಹೋಗೋಣ. ಎರ್ಮೆಸ್ ಕಂಪನಿಯ ಬರ್ಕಿನ್ ಬ್ಯಾಗು 1984ರಿಂದ ಮಾರಾಟದಲ್ಲಿದೆ. ನಟಿ, ಗಾಯಕಿ ಜೇನ್ ಬರ್ಕಿನ್‌ಗಾಗಿ ಮಾಡಿದ ಮೊತ್ತಮೊದಲ ಬ್ಯಾಗು 2025ರ ಜುಲೈನಲ್ಲಿ ಹರಾಜಾದಾಗ 85 ಲಕ್ಷ ಯೂರೋ ದಾಟಿತು. ಅದೂ ಗೀರು ಬಿದ್ದ, ಬಳಸಿ ಸವೆದ ಬ್ಯಾಗು. ಹೊಸ ಬರ್ಕಿನ್ ಬೇಕು ಅಂತ ಅಂಗಡಿಗೆ ಹೋಗಿ ದುಡ್ಡು ಇಟ್ಟರೆ ಕೊಡೋದಿಲ್ಲ. ಕಂಪನಿಗೆ ನಿಮ್ಮ ಪರಿಚಯ ಇರಬೇಕು. ಬ್ಯಾಗು ಬೇಕಿದ್ದರೆ ಮೊದಲು ಸ್ಕಾರ್ಫು, ಚಪ್ಪಲಿ, ಒಡವೆ ಕೊಳ್ಳಬೇಕಾಗುತ್ತೆ ಅಂತ ಆರೋಪಿಸಿ 2024ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರು ಕೋರ್ಟಿಗೂ ಹೋದರು. 2025ರಲ್ಲಿ ಆ ದಾವೆ ವಜಾ ಆಯಿತು.

ಕುತೂಹಲದ ಸಂಗತಿ ಅಂದ್ರೆ ಎರ್ಮೆಸ್ ಕೊಡುವ ಕಾರಣ ನಮ್ಮ ಕಾರ್ಖಾನೆಯ ಕಾರಣದ ಹಾಗೇ ಇದೆ. ಒಬ್ಬ ಕುಶಲಕರ್ಮಿಯೇ ಇಡೀ ಬ್ಯಾಗು ಹೊಲಿಯಬೇಕು, ಅವರನ್ನು ತಯಾರು ಮಾಡೋಕೆ ಕಾಲ ಹಿಡಿಯುತ್ತೆ ಅಂತಾರೆ. ಸುಳ್ಳೇನಲ್ಲ. ಆದರೆ 2024ರಲ್ಲಿ ಆ ಕಂಪನಿಯ ಕಾರ್ಯಾಚರಣೆ ಲಾಭ ಮಾರಾಟದ ಶೇ 40ಕ್ಕೂ ಹೆಚ್ಚಿತ್ತು. ನೂರು ರೂಪಾಯಿ ವ್ಯಾಪಾರಕ್ಕೆ ನಲವತ್ತು ರೂಪಾಯಿ. ಅಭಾವದ ಫಲ ಕಂಪನಿಯ ಪೆಟ್ಟಿಗೆಗೆ ಬೀಳುತ್ತೆ.

ಫೆರಾರಿಯದ್ದೂ ಅದೇ ದಾರಿ. ಮಾರುಕಟ್ಟೆ ಕೇಳೋದಕ್ಕಿಂತ ಒಂದು ಕಾರು ಕಮ್ಮಿ ಮಾಡಬೇಕು ಅನ್ನೋದು ಅದರ ಸ್ಥಾಪಕ ಎಂಜೊ ಫೆರಾರಿಯ ಕಾಲದಿಂದ ಬಂದ ನೀತಿ. 2024ರಲ್ಲಿ ಇಡೀ ಜಗತ್ತಿಗೆ ಅದು ಕೊಟ್ಟದ್ದು 13,752 ಕಾರು. ಬ್ರಿಟನ್ನಿನ ದುಬಾರಿ ಬಟ್ಟೆ ಕಂಪನಿ ಬರ್ಬೆರಿ ಇನ್ನೂ ಮುಂದೆ ಹೋಗಿತ್ತು. ಮಾರಾಟವಾಗದ ಬಟ್ಟೆ, ಸೆಂಟು ಎಲ್ಲ ಕಮ್ಮಿ ಬೆಲೆಗೆ ಮಾರಿದರೆ ಹೆಸರು ಕೆಡುತ್ತೆ ಅಂತ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಸಾಮಾನು ನಾಶ ಮಾಡಿತು. 2018ರಲ್ಲಿ ಸುದ್ದಿ ಹೊರಬಿದ್ದು ಜನ ಛೀಮಾರಿ ಹಾಕಿದ ಮೇಲೆ ನಿಲ್ಲಿಸಿತು.

ಈ ಮನೋಧರ್ಮವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲೇ ಗುರುತಿಸಿದ್ದ. ಕೆಲವು ವಸ್ತುಗಳನ್ನು ಜನ ಕೊಳ್ಳೋದು ದುಬಾರಿ ಆಗಿದ್ದರೂ ಅಲ್ಲ, ದುಬಾರಿ ಆಗಿರೋದರಿಂದಲೇ. ಬೆಲೆ ಇಳಿದರೆ ಅಂಥ ವಸ್ತುವಿನ ಮೇಲಿನ ಆಸೆಯೂ ಇಳಿಯುತ್ತೆ. ನಾಲ್ಕು ಜನ ನೋಡಲಿ ಅಂತ ಕೊಳ್ಳುವ ವಸ್ತುವಿನ ಲೆಕ್ಕ ಇದು. ನಮ್ಮ ಮದುವೆ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಅಪರೂಪ ಆದ ಮಾತ್ರಕ್ಕೆ ಬೆಲೆ ಬರೋದಿಲ್ಲ

ಅಪರೂಪವೇ ಬೆಲೆಗೆ ಕಾರಣ ಆಗಿದ್ದರೆ ನಂಜನಗೂಡು ರಸಬಾಳೆ ಇವತ್ತು ಚಿನ್ನದ ತಟ್ಟೆಯಲ್ಲಿ ಇರಬೇಕಿತ್ತು. ಸೊರಗು ರೋಗ ತೋಟಗಳನ್ನು ತಿಂದುಹಾಕಿ, ಅಸಲಿ ರಸಬಾಳೆ ಬೆಳೆಯುವವರು ಬೆರಳೆಣಿಕೆಗೆ ಇಳಿದರು. ಭೌಗೋಳಿಕ ಗುರುತು, ಅಂದ್ರೆ ಜಿಐ ಮಾನ್ಯತೆಯೂ ಇದೆ. ಆದರೂ ಬೆಲೆ ಆಕಾಶಕ್ಕೆ ಹೋಗಲಿಲ್ಲ. ಯಾಕೆ ಅಂದ್ರೆ ಮಾರುಕಟ್ಟೆಗೆ ನಿಯಮಿತವಾಗಿ ಬರೋದಿಲ್ಲ. ಬಂದರೂ ಅಸಲಿ ಯಾವುದು ಅಂತ ಕೊಳ್ಳುವವನಿಗೆ ಗೊತ್ತಾಗೋದಿಲ್ಲ. ಬೇರೆ ಬಾಳೆಯನ್ನೇ ಆ ಹೆಸರಲ್ಲಿ ಕೊಡುತ್ತಾರೆ.

ಜಪಾನಿನ ಯೂಬಾರಿ ಕರಬೂಜವನ್ನು ಪಕ್ಕಕ್ಕಿಟ್ಟು ನೋಡಿ. 2019ರ ಸೀಸನ್ನಿನ ಮೊದಲ ಹರಾಜಿನಲ್ಲಿ ಒಂದು ಜೋಡಿ ಹಣ್ಣು 50 ಲಕ್ಷ ಯೆನ್‌ಗೆ ಹೋಯಿತು. ಹಣ್ಣು ಅಷ್ಟೇನೂ ಅಪರೂಪದ್ದಲ್ಲ, ಆ ಊರಿನಲ್ಲಿ ಪ್ರತಿ ವರ್ಷ ಬೆಳೆಯುತ್ತೆ. ಮೊದಲ ಜೋಡಿಗೆ ಯಾರು ಎಷ್ಟು ಕೊಟ್ಟರು ಅನ್ನೋದು ಪತ್ರಿಕೆಯಲ್ಲಿ ಬರುತ್ತೆ. ಕೊಂಡವನಿಗೆ ಜಾಹೀರಾತಿನ ಖರ್ಚು ಉಳಿಯುತ್ತೆ. ಹಣ್ಣನ್ನು ವಿಂಗಡಿಸಿ, ದರ್ಜೆ ಹಾಕಿ, ಮುದ್ರೆ ಒತ್ತುವ ಸಹಕಾರಿ ವ್ಯವಸ್ಥೆ ಹಿಂದಿದೆ. ಗ್ರಾಹಕನಿಗೆ ಅನುಮಾನವೇ ಇಲ್ಲ.

ವಜ್ರದ ಕತೆ ಇದಕ್ಕಿಂತ ದೊಡ್ಡದು. ಹದಿನೆಂಟನೇ ಶತಮಾನದ ಶುರುವಿನವರೆಗೂ ಜಗತ್ತಿನ ವಜ್ರಕ್ಕೆಲ್ಲ ನಮ್ಮ ಗೋಲ್ಕೊಂಡದ ಕಡೆಯ ಗಣಿಗಳೇ ಮುಖ್ಯ ಮೂಲ. 1870ರ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ರಾಶಿ ರಾಶಿ ವಜ್ರ ಸಿಕ್ಕಿತು. ಹಾಗೇ ಬಿಟ್ಟಿದ್ದರೆ ಬೆಲೆ ಕುಸಿಯುತ್ತಿತ್ತು. 1888ರಲ್ಲಿ ಹುಟ್ಟಿದ ಡಿ ಬಿಯರ್ಸ್ ಕಂಪನಿ ಗಣಿಗಳನ್ನು ಒಂದುಗೂಡಿಸಿ, ಮಾರುಕಟ್ಟೆಗೆ ಅಳೆದು ತೂಗಿ ಬಿಡತೊಡಗಿತು. ಮುಂದೆ ಹಲವು ದಶಕ ವಜ್ರ ಅಪರೂಪವಾಗಿ ಉಳಿದದ್ದು ಭೂಮಿಯಲ್ಲಿ ಕಮ್ಮಿ ಇದ್ದದ್ದಕ್ಕಲ್ಲ, ತಿಜೋರಿಯಿಂದ ಕಮ್ಮಿ ಹೊರಬಂದದ್ದಕ್ಕೆ. ಈಗ ಸೂರತ್‌ನ ಪ್ರಯೋಗಾಲಯಗಳಲ್ಲೇ ವಜ್ರ ಬೆಳೆಸುತ್ತಾರೆ. ರಾಸಾಯನಿಕವಾಗಿ ಅದೇ ಇಂಗಾಲ, ಅದೇ ಹೊಳಪು, ಬೆಲೆ ಮಾತ್ರ ಎಷ್ಟೋ ಪಟ್ಟು ಕಮ್ಮಿ. ಬರಿಗಣ್ಣಿಗೆ ವ್ಯತ್ಯಾಸ ಕಾಣದ ಕಾರಣ ಗಣಿಯ ವಜ್ರ ಕೊಳ್ಳುವವರು ಈಗ ದುಡ್ಡು ಕೊಡೋದು ಬಹುಪಾಲು ಅದರ ಜೊತೆ ಬರುವ ಸರ್ಟಿಫಿಕೇಟಿಗೆ.

ತಂತ್ರಜ್ಞಾನ ಪೂರ್ತಿ ಗೆದ್ದ ಉದಾಹರಣೆಯೂ ಇದೆ. 1850-60ರ ದಶಕದಲ್ಲಿ ಅಲ್ಯೂಮಿನಿಯಂ ರಾಜರ ಲೋಹ. ಫ್ರಾನ್ಸಿನ ಮೂರನೇ ನೆಪೋಲಿಯನ್ ತೀರಾ ಗಣ್ಯ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚ ಇಡಿಸುತ್ತಿದ್ದ ಅಂತ ಪ್ರತೀತಿ. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಇಟ್ಟದ್ದೂ ಮೂರು ಕೆಜಿಯೂ ಇಲ್ಲದ ಅಲ್ಯೂಮಿನಿಯಂ ಕಳಶ. ಎರಡೇ ವರ್ಷಕ್ಕೆ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ತೆಗೆಯುವ ದಾರಿ ಕಂಡುಹಿಡಿದರು. ಈಗ ಅದು ನಮ್ಮ ಅಡುಗೆಮನೆಯ ಇಡ್ಲಿ ಪಾತ್ರೆ.

ರೇಷ್ಮೆಗೂ ಇದೇ ಗತಿ ಬರಬೇಕಿತ್ತು. ರೇಯಾನ್, ಪಾಲಿಯೆಸ್ಟರ್, ಆರ್ಟ್ ಸಿಲ್ಕ್ ಅನ್ನೋ ಕೃತಕ ರೇಷ್ಮೆ ಎಲ್ಲ ಬಂದು ಎಷ್ಟೋ ಕಾಲವಾಯಿತು. ಹೊಳಪು ಅಗ್ಗವಾಯಿತು. ಅಸಲಿ ರೇಷ್ಮೆ ಮಾತ್ರ ಅಗ್ಗವಾಗಲಿಲ್ಲ, ಯಾಕಂದ್ರೆ ಹುಳು ಸಾಕೋ ಕೆಲಸಕ್ಕೆ ಅಡ್ಡದಾರಿ ಯಾರೂ ಕಂಡುಹಿಡಿದಿಲ್ಲ. ನಕಲಿ ಹೆಚ್ಚಾದಷ್ಟೂ ಅಸಲಿ ಅಂತ ನಂಬಿಸುವ ಅಂಗಡಿಯ ತೂಕ ಹೆಚ್ಚಿತು. ಕೆಎಸ್‌ಐಸಿ ಸೀರೆಯಲ್ಲಿ ಹೊಲೊಗ್ರಾಂ ಇರುತ್ತೆ, ಪ್ರತಿ ಸೀರೆಗೂ ಅದರದ್ದೇ ಸಂಖ್ಯೆ ನೇಯ್ದಿರುತ್ತೆ. ಜನ ನಸುಕಿನಲ್ಲಿ ಎದ್ದು ಬರೋದು ಆ ಸಂಖ್ಯೆಗಾಗಿ ಅಂದರೂ ಅತಿಶಯ ಅಲ್ಲ. ರಸಬಾಳೆಗೆ ಸಿಗದೇ ಹೋದದ್ದು ಇದೇ.

ಹಾಗಾದರೆ ಇದು ಕೃತಕ ಅಭಾವವಾ?

ಎರ್ಮೆಸ್ ಅರ್ಥದಲ್ಲಿ ಅಲ್ಲ. ಅಲ್ಲಿ ಬೆಲೆಯನ್ನು ಖರ್ಚಿನಿಂದ ಬಹಳ ಮೇಲೆ ಇಟ್ಟು, ಅದರ ಮೇಲೂ ಇಲ್ಲ ಅಂತಾರೆ. ಇಲ್ಲಿ ಬೆಲೆ ಗೂಡು, ಕೂಲಿ, ಜರಿಯ ಖರ್ಚನ್ನು ಹಿಂಬಾಲಿಸುತ್ತೆ. ಸರ್ಕಾರಿ ಸಂಸ್ಥೆ ಜನ ಎಷ್ಟು ಕೊಡೋಕೆ ತಯಾರಿದ್ದಾರೆ ಅಂತ ನೋಡಿಕೊಂಡು ಬೆಲೆ ಇಟ್ಟರೆ ಮಾರನೇ ದಿನ ವಿಧಾನಸಭೆಯಲ್ಲಿ ಗಲಾಟೆ ಆಗುತ್ತೆ. ಹೀಗಾಗಿ 23 ಸಾವಿರದ ಸೀರೆಗೆ 30 ಸಾವಿರ ಕೊಡೋಕೆ ತಯಾರಿರುವವರೂ ಸಾಲಿನಲ್ಲಿ ಇರುತ್ತಾರೆ. ಆ ಏಳು ಸಾವಿರದ ಅಂತರವೇ ಕ್ಯೂ ಆಗಿ ರಸ್ತೆಗೆ ಬರುತ್ತೆ.

ಅಂತರ ಇದ್ದಲ್ಲಿ ಅದನ್ನು ಯಾರೋ ಒಬ್ಬರು ಬಾಚಿಕೊಳ್ಳಲೇಬೇಕು. ಬರ್ಕಿನ್ ವಿಷಯದಲ್ಲಿ ಕಂಪನಿ, ಆಮೇಲೆ ಮರುಮಾರಾಟದವರು. ಇಲ್ಲಿ ಸದ್ಯಕ್ಕೆ ಸಿಗುತ್ತಿರೋದು ಸಮಯ ಇರುವವರಿಗೆ. ಬೆಳಗಿನ ಜಾವ ನಿಲ್ಲೋಕೆ ಆಗದ ವಯಸ್ಸಾದವರಿಗೆ, ಕೆಲಸಕ್ಕೆ ಹೋಗುವವರಿಗೆ, ಕೆ.ಆರ್.ಪೇಟೆಯಿಂದಲೋ ಪಾಂಡವಪುರದಿಂದಲೋ ಮೊದಲ ಬಸ್ಸು ಹಿಡಿದು ಬರುವವರಿಗೆ ಸಿಗೋದಿಲ್ಲ. ದುಡ್ಡು ಕೊಟ್ಟು ಇನ್ನೊಬ್ಬರನ್ನು ನಿಲ್ಲಿಸೋಕೂ ಟೋಕನ್ ಅಡ್ಡ ಬರೋದಿಲ್ಲ. ಒಬ್ಬರಿಗೆ ಒಂದೇ ಸೀರೆ ಅನ್ನೋ ನಿಯಮ ಸಗಟು ವ್ಯಾಪಾರಿಯನ್ನು ತಡೆಯುತ್ತೆ. ಹತ್ತು ಜನರನ್ನು ಕರೆತರುವ ವ್ಯಾಪಾರಿಯನ್ನು ತಡೆಯೋದು ಕಷ್ಟ.

ಯಾರು ಏನು ಕೇಳುತ್ತಿದ್ದಾರೆ

ಉತ್ಪಾದನೆ ಹೆಚ್ಚಿಸಿ ಅನ್ನೋದು ಎಲ್ಲರ ಬಾಯಲ್ಲಿ ಬರೋ ಮೊದಲ ಮಾತು. ಸರಿಯಾದ ಮಾತೇ. ಆದರೆ ಎಲ್ಲಿಂದ ಹೆಚ್ಚಿಸಬೇಕು ಅನ್ನೋದರಲ್ಲಿ ಜಗಳವಿದೆ. ಹೊರಗಿನ ನೇಕಾರರಿಗೆ ಕೊಟ್ಟು ನೇಯಿಸಿದರೆ ಸೀರೆ ಬೇಗ ಬರುತ್ತೆ. ಆದರೆ ಗೂಡಿನಿಂದ ಸೆರಗಿನವರೆಗೆ ನಮ್ಮ ಕಣ್ಣೆದುರೇ ಆಗಿದೆ ಅನ್ನೋ ಭರವಸೆ ಹೋಗುತ್ತೆ. ಜನ ದುಡ್ಡು ಕೊಡ್ತಿರೋದೇ ಆ ಭರವಸೆಗೆ. ಒಂದು ಸಲ ಜರಿಯಲ್ಲಿ ಕಲಬೆರಕೆ ಸಿಕ್ಕಿತು ಅಂತ ಸುದ್ದಿಯಾದರೆ ನೂರು ವರ್ಷದ ಹೆಸರು ಉಳಿಸಿಕೊಳ್ಳೋದು ಕಷ್ಟ.

ಬೆಲೆ ಏರಿಸಿ, ಸಾಲು ತಾನಾಗೇ ಕರಗುತ್ತೆ ಅನ್ನೋದು ಲೆಕ್ಕ ಬಲ್ಲವರ ವಾದ. ಬಂದ ಹೆಚ್ಚುವರಿ ಹಣದಲ್ಲಿ ಮಗ್ಗ ಹಾಕಬಹುದು, ಕೆಲಸಗಾರರಿಗೆ ಕೊಡಬಹುದು ಅಂತಾರೆ. ಪುಸ್ತಕದ ಪ್ರಕಾರ ಸರಿ. ಆದರೆ ವೆಬ್ಲೆನ್ ಹೇಳಿದ ಗುಣ ಈ ಸೀರೆಗೂ ಸ್ವಲ್ಪ ಅಂಟಿದೆ. ಬೆಲೆ ಏರಿಸಿದರೆ ಸಾಲು ಕರಗದೆ, ಸಾಲಿನಲ್ಲಿ ನಿಂತವರ ಮುಖ ಮಾತ್ರ ಬದಲಾಗಬಹುದು. ಮಗಳ ಮದುವೆಗೆ ಒಂದು ಸೀರೆ ಅಂತ ಕೂಡಿಟ್ಟ ಮನೆಯವರು ಹೊರಗೆ ಉಳಿಯುತ್ತಾರೆ. ಸರ್ಕಾರದ ಕಾರ್ಖಾನೆ ಅದನ್ನು ಸುಲಭವಾಗಿ ಮಾಡೋಕಾಗಲ್ಲ, ಮಾಡಬಾರದು ಕೂಡ.

ಮೂರನೇ ದಾರಿ ಆನ್‌ಲೈನ್ ನೋಂದಣಿ ಮತ್ತು ಲಾಟರಿ. ಹೆಸರು ಬರೆಸಿ, ಅದೃಷ್ಟ ಬಂದವರಿಗೆ ದಿನಾಂಕ ಕೊಡೋದು. ಒಂದು ಸೀರೆಯೂ ಹೆಚ್ಚಾಗೋದಿಲ್ಲ ನಿಜ. ಆದರೆ ನಸುಕಿನ ಸಾಲು ನಿಲ್ಲುತ್ತೆ, ಗುರುತಿನ ಚೀಟಿ ಜೋಡಿಸಿದರೆ ದುಡ್ಡಿಗೆ ಸಾಲು ನಿಲ್ಲುವವರೂ ಕಮ್ಮಿ ಆಗುತ್ತಾರೆ. ಇದ್ದದ್ದರಲ್ಲಿ ಇದೇ ವಾಸಿ ಅನ್ನಿಸುತ್ತೆ. ಬಣ್ಣ ನೋಡಿ, ಮುಟ್ಟಿ, ಹೆಗಲ ಮೇಲೆ ಹಾಕಿಕೊಂಡು ಆರಿಸೋ ಖುಷಿ ಇದರಲ್ಲಿ ಇಲ್ಲ ಅನ್ನೋ ತಕರಾರು ಬರಬಹುದು. ಈಗಿನ ಸಾಲಿನಲ್ಲೂ ಒಳಗೆ ಹೋದವರು ಇದ್ದದ್ದರಲ್ಲಿ ಒಂದನ್ನು ಎತ್ತಿಕೊಂಡು ಬರುತ್ತಿದ್ದಾರೆ, ಅಷ್ಟೆ.

ಮುಂದೆ ಏನಾಗಬಹುದು

ಬೆಳ್ಳಿ ಬೆಲೆ ಇಳಿದರೂ ಸೀರೆ ಬೆಲೆ ಅಷ್ಟೇ ವೇಗದಲ್ಲಿ ಇಳಿಯೋದಿಲ್ಲ. ದುಬಾರಿ ದರದಲ್ಲಿ ಕೊಂಡ ಜರಿ ಮೊದಲು ಮುಗಿಯಬೇಕು. ಅಷ್ಟರಲ್ಲಿ ಹಬ್ಬ ಬರುತ್ತೆ, ಬೇಡಿಕೆ ಇರುತ್ತೆ, ಇಳಿಸೋಕೆ ಒತ್ತಡವೇ ಇರೋದಿಲ್ಲ. ಏರಿದ ಬೆಲೆ ಹಾಗೇ ನಿಲ್ಲುವ ಸಾಧ್ಯತೆ ಜಾಸ್ತಿ.

ಸೀರೆ ಸಿಗದೆ ವಾಪಸ್ ಬಂದವರು ಬೇರೆ ಕಡೆ ಹೋಗುತ್ತಾರೆ. ಆನ್‌ಲೈನ್‌ನಲ್ಲಿ "ಮೈಸೂರು ಸಿಲ್ಕ್" ಅಂತ ಹುಡುಕಿದರೆ ಒಂದೆರಡು ಸಾವಿರಕ್ಕೇ ರಾಶಿ ಸೀರೆ ಬರುತ್ತವೆ. ಕೆಲವಕ್ಕೆ "ಸೆಮಿ ಮೈಸೂರು ಸಿಲ್ಕ್" ಅನ್ನೋ ಮುದ್ದಾದ ಹೆಸರು ಬೇರೆ. ಜಿಐ ಮಾನ್ಯತೆ ಇದೆ, ಕಾನೂನಿದೆ. ಆದರೆ ಸಾವಿರಾರು ಸಣ್ಣ ಮಾರಾಟಗಾರರ ಹಿಂದೆ ಬೀಳೋದು ಯಾರು? ಕೊಳ್ಳುವವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಸೆರಗಿನ ತುದಿಯಿಂದ ಒಂದೆರಡು ಎಳೆ ತೆಗೆದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿ ಕಟ್ಟುತ್ತೆ. ಅದು ರೇಷ್ಮೆ ಹೌದೋ ಅಲ್ಲವೋ ಅಂತ ಮಾತ್ರ ಹೇಳುತ್ತೆ. ಮೈಸೂರಿನದ್ದೋ ಅಲ್ಲವೋ ಅಂತ ತಿಳಿಯಬೇಕಾದರೆ ನೇಯ್ದ ಸಂಖ್ಯೆ, ಹೊಲೊಗ್ರಾಂ ಮತ್ತು ಬಿಲ್ಲು ಬೇಕು.

ಈ ಗಲಾಟೆಯಲ್ಲಿ ಗೂಡು ಬೆಳೆಯುವ ರೈತನ ಹೆಸರು ಕೇಳಿಬರುತ್ತಿಲ್ಲ. ಸೀರೆ ಬೆಲೆ ಇಷ್ಟು ಏರಿದ ಮೇಲೆ ಮಳವಳ್ಳಿ, ಮದ್ದೂರು, ಟಿ.ನರಸೀಪುರದ ರೈತರಿಗೂ ಒಳ್ಳೇ ಕಾಲ ಬಂದಿರಬೇಕು ಅಂತ ಅನ್ನಿಸಬಹುದು. ಹಾಗೆ ಆಗೋದಿಲ್ಲ. ಏರಿದ್ದು ಬೆಳ್ಳಿ ಚಿನ್ನದ ದರ, ಅದು ಹೋಗೋದು ಜರಿ ಮಾಡುವವರಿಗೆ. ರಾಜ್ಯದ ಒಟ್ಟು ಗೂಡಿನಲ್ಲಿ ಕೆಎಸ್‌ಐಸಿ ಕೊಳ್ಳೋದು ಸಣ್ಣ ಪಾಲು. ಗೂಡಿನ ದರ ನಿರ್ಧಾರ ಆಗೋದು ಹರಾಜು ಕಟ್ಟೆಯಲ್ಲಿ. ಅಲ್ಲಿ ಅವತ್ತು ಬಂದ ಗೂಡು ಎಷ್ಟು, ನೂಲು ಬಿಚ್ಚುವ ರೀಲರ್‌ಗಳ ಕೈಯಲ್ಲಿ ದುಡ್ಡು ಎಷ್ಟು, ಚೀನಾ ರೇಷ್ಮೆ ಯಾವ ದರಕ್ಕೆ ಬರ್ತಿದೆ ಅನ್ನೋದು ಲೆಕ್ಕಕ್ಕೆ ಬರುತ್ತೆ. ಮಳಿಗೆ ಮುಂದಿನ ಸಾಲು ಎಷ್ಟು ಉದ್ದ ಇದೆ ಅಂತ ಅಲ್ಲಿ ಯಾರೂ ಕೇಳೋದಿಲ್ಲ.

ದರ ಬಿದ್ದ ವರ್ಷ ರೈತ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕುತ್ತಾನೆ. ಮತ್ತೆ ಸೊಪ್ಪು ಕೈಗೆ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ನಿಗಮ ನಿಜವಾಗಿ ಸೀರೆ ಹೆಚ್ಚಿಸಬೇಕು ಅಂದುಕೊಂಡರೆ ಮಗ್ಗದ ಟೆಂಡರ್ ಕರೆಯೋದರ ಜೊತೆಗೆ ಒಳ್ಳೇ ಗೂಡು ಬೆಳೆಯುವ ಸುತ್ತಲಿನ ರೈತರ ಜೊತೆ ಮುಂಚೆಯೇ ದರ ಮಾತಾಡಿಕೊಳ್ಳಬೇಕಾಗುತ್ತೆ. ಹೊಸ ಮಗ್ಗ ಬಂದ ಮೇಲೆ ಗೂಡಿಗಾಗಿ ಹರಾಜು ಕಟ್ಟೆಯಲ್ಲಿ ಪೈಪೋಟಿಗೆ ಇಳಿದರೆ ಆ ಖರ್ಚೂ ಸೀರೆಯ ಬೆಲೆಯ ಮೇಲೇ ಬಂದು ಕೂರುತ್ತೆ.